ಹ್ಯೂಸ್ಟನ್‌ಗೆ ಹೊರಟ ಪುಟ್ಟನಿಗೆ

ಚಿರಂಜೀವಿ ಪುಟ್ಟನಿಗೆ ಸೋದರತ್ತೆಯ ಆಶೀರ್ವಾದಗಳು.

ನಿನಗೆ ಇಲ್ಲಿನ ತೈಲ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದನ್ನು ಅಣ್ಣ ಫೋನಿನಲ್ಲಿ ಹೇಳಿದ. ಬಹಳ ಸಂತೋಷವಾಯಿತು. ಜೊತೆಗೆ, ನಮ್ಮವರು ಹೆಚ್ಚಾಗಿರುವ ಕಡೆಯೇ ನಿನಗೊಂದು ಮನೆ ನೋಡಬೇಕೆಂದು ಅಪ್ಪಣೆಯನ್ನೂ ಮಾಡಿದ. ಅವನಿಗೆ ಹೇಳಬೇಡ, ಆ ಕೆಲಸದಲ್ಲಿ ನನಗೇನೂ ಅವಸರವಿಲ್ಲ.

ನಮ್ಮವರು ಬೇಡವೆಂದಲ್ಲ. ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ತೊಗರಿಬೇಳೆ, ಕರಿಬೇವು ಎಲ್ಲವೂ ಸಿಗುತ್ತವೆ. ಆ ಪ್ರದೇಶಕ್ಕೆ 2010ರಿಂದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದೇ ಹೆಸರು. ಪಕ್ಕದ ಊರು ಪಿಯರ್‌ಲ್ಯಾಂಡ್‌ನಲ್ಲಿ ಮೀನಾಕ್ಷಿ ದೇವಸ್ಥಾನವಿದೆ. ಆದರೆ ಕಚೇರಿ, ಅಂಗಡಿ, ದೇವಸ್ಥಾನ ಎಂದು ಗಾಣದೆತ್ತಿನಂತೆ ಸುತ್ತುತ್ತಾ, ಊರನ್ನೇ ನೋಡದೆ ಇಪ್ಪತ್ತು ವರ್ಷ ಕಳೆದವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 2020ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 23 ಲಕ್ಷ. ನೂರಕ್ಕೆ 44ರಷ್ಟು ಮಂದಿ ಮೆಕ್ಸಿಕೊ ಮತ್ತಿತರ ಲ್ಯಾಟಿನ್ ಅಮೆರಿಕದ ಮೂಲದವರು. ಬೆಲೇರ್ ಬುಲೆವಾರ್ಡ್‌ನ ಕಡೆ ಹೋದರೆ, 1975ರ ಬಳಿಕ ನಿರಾಶ್ರಿತರಾಗಿ ಬಂದ ವಿಯೆಟ್ನಾಂ ಜನರ ಅಂಗಡಿಗಳು ಮೈಲಿಗಟ್ಟಲೆ ಇವೆ. ಮೆಡಿಕಲ್ ಸೆಂಟರಿನ ಆಸ್ಪತ್ರೆಗಳಲ್ಲಿ ನೈಜೀರಿಯಾ, ಫಿಲಿಪ್ಪೀನ್ಸ್, ಕೇರಳದ ದಾದಿಯರು ಒಂದೇ ಪಾಳಿಯಲ್ಲಿ ದುಡಿಯುತ್ತಾರೆ.

ಇಲ್ಲಿನ ಔತಣಕೂಟಗಳಲ್ಲಿ ನಿನಗೊಂದು ಮಾತು ಕೇಳಿಬರುತ್ತದೆ: ನಾವು ಸ್ವಂತ ಓದಿನಿಂದ ಬಂದವರು, ಯಾರ ಹಂಗೂ ನಮಗಿಲ್ಲ. ಸುಮ್ಮನೆ ತಲೆಯಾಡಿಸಬೇಡ. 1965ಕ್ಕೆ ಮುಂಚೆ ವಲಸೆಯಲ್ಲಿ ಭಾರತಕ್ಕೆ ಅಮೆರಿಕ ಕೊಟ್ಟಿದ್ದ ಪಾಲು ವರ್ಷಕ್ಕೆ ನೂರು ಜನ. ಎಷ್ಟು ಓದಿದ್ದರೂ ಅಷ್ಟೇ. 1965ರ ವಲಸೆ ಕಾನೂನಿನಿಂದ ಆ ಬಾಗಿಲು ತೆರೆದದ್ದು, ಇಲ್ಲಿನ ಕರಿಯರು ಪೊಲೀಸರ ಲಾಠಿ, ನಾಯಿಗಳನ್ನು ಎದುರಿಸಿ ಸಮಾನ ಹಕ್ಕು ಕೇಳಿದ ಕಾಲದಲ್ಲಿ. ಬಂದ ಮೇಲೆ ಥರ್ಡ್ ವಾರ್ಡಿನ ಎಮ್ಯಾನ್ಸಿಪೇಷನ್ ಪಾರ್ಕಿಗೆ ಹೋಗು. ಗುಲಾಮಗಿರಿಯಿಂದ ಬಿಡುಗಡೆಯಾದವರು 1872ರಲ್ಲಿ 800 ಡಾಲರ್ ಕೂಡಿಸಿ, ತಮ್ಮ ಬಿಡುಗಡೆಯ ದಿನವನ್ನು ಆಚರಿಸಲೆಂದು ಕೊಂಡ ಹತ್ತು ಎಕರೆ ಅದು.

ಇನ್ನು ನಿನ್ನ ಕಚೇರಿಯ ವಿಷಯ. ಸಂಜೆ ನೀನು ಹೊರಟ ಮೇಲೆ ಮೇಜು ಒರೆಸಿ, ಕಸದ ಬುಟ್ಟಿ ಖಾಲಿ ಮಾಡುವವರು ಬರುತ್ತಾರೆ. 2006ರಲ್ಲಿ ಅಂಥವರು, ಹೆಚ್ಚಿನವರು ವಲಸೆ ಬಂದ ಹೆಂಗಸರು, ಇಲ್ಲಿ ಒಂದು ತಿಂಗಳು ಮುಷ್ಕರ ಹೂಡಿದರು. ಗಂಟೆಗೆ 5.30 ಡಾಲರ್ ಕೂಲಿ, ಅದೂ ರಾತ್ರಿಗೆ ನಾಲ್ಕೇ ಗಂಟೆಯ ಕೆಲಸ. ಆರೋಗ್ಯ ವಿಮೆಯ ಸುದ್ದಿಯೇ ಇಲ್ಲ. ಕಾರ್ಮಿಕ ಸಂಘಗಳೆಂದರೆ ಮೂಗು ಮುರಿಯುವ ಟೆಕ್ಸಸ್‌ನಲ್ಲಿ ಅವರು ಗೆದ್ದರು. ಕೂಲಿ ಹಂತಹಂತವಾಗಿ 7.75ಕ್ಕೆ ಏರಿತು, ಕೆಲಸದ ಗಂಟೆಗಳು ಹೆಚ್ಚಿದವು, ವಿಮೆಯೂ ಬಂತು. ಹಾಗಾಗಿ ಅವರು ಎದುರಾದರೆ ಮೊಬೈಲ್ ನೋಡುತ್ತಾ ದಾಟಿಹೋಗಬೇಡ. ನಾಲ್ಕು ಮಾತು ಸ್ಪ್ಯಾನಿಷ್ ಕಲಿತು ಬಾ. ನಿನ್ನ ವೀಸಾ ಕಂಪನಿಯ ಕೈಯಲ್ಲಿದೆಯೆಂದು ನೀನು ಹೆದರುವ ದಿನಗಳು ಬರುತ್ತವೆ. ಅವರಲ್ಲಿ ಎಷ್ಟೋ ಜನರಿಗೆ ಕಾಗದಪತ್ರವೇ ಇಲ್ಲ ಎಂಬುದು ಆಗ ನೆನಪಿರಲಿ.

ಮನೆಯ ಮಾತು ಮರೆತಿಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಕೆಲವೆಡೆ ಒಂದು ಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ನಿನ್ನ ಕಚೇರಿಯಿರುವ ಪಶ್ಚಿಮ ಭಾಗದಲ್ಲಿ, ಅಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳ ಆಸುಪಾಸಿನಲ್ಲಿ, ಮನೆಗಳು ಮುಳುಗಿದವು. ಕೊಳೆತ ಗೋಡೆ ಕಿತ್ತು ಹೊಸದು ಕೂರಿಸಿದವರಲ್ಲಿ ಬಹುಪಾಲು ವಲಸೆ ಕೂಲಿಗಳು. ಅಂಥವರಿಗೆ ಕೆಲಸದಲ್ಲಿ ಅಪಘಾತವಾದರೆ ಪರಿಹಾರ ಕೊಡುವ ವಿಮೆಯನ್ನು ಖಾಸಗಿ ಮಾಲೀಕರು ಮಾಡಿಸಲೇಬೇಕೆಂಬ ಕಾನೂನು ಈ ರಾಜ್ಯದಲ್ಲಿಲ್ಲ, ನೋಡು. ಹೀಗೆ ನೀರು ನುಗ್ಗುವ ಊರಾದ್ದರಿಂದ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು, ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿ ಎಸಿ, ನಲ್ಲಿ ರಿಪೇರಿ ಮಾಡುವವರನ್ನು ಕೇಳು. ಮ್ಯಾನೇಜರ್ ಬಾಯಿಬಿಡದಿದ್ದರೂ ಅವರು ಹೇಳುತ್ತಾರೆ.

ಟಿಕೆಟ್ ತಾರೀಖು ತಿಳಿಸು. ಸ್ವೆಟರ್ ಹೊರೆ ಬೇಡ, ಇಲ್ಲಿನ ಸೆಖೆ ಮಂಗಳೂರಿನದಕ್ಕೆ ಸಮ.

ಇಂತಿ,
ನಿನ್ನ ಅತ್ತೆ