ನೀರು ಒಡೆಯುವ ಅಣುಗಳಿಗೂ ಒಂದು ಪಾಲು ಕೊಡಿ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಶ್ರೀ ಪ್ರಲ್ಹಾದ ಜೋಶಿ ಅವರಿಗೆ,
ಕೇಂದ್ರ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವರು

ಮಾನ್ಯರೇ,

ನಮಸ್ಕಾರ. ನೀವು ಧಾರವಾಡದ ಸಂಸದರು, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ವಿಷಯ, ನವೀಕರಿಸಬಹುದಾದ ಇಂಧನ ಬಳಸಿ ಹೈಡ್ರೋಜನ್ ಮಾಡಿಸುವ ಹಸಿರು ಹೈಡ್ರೋಜನ್ ಮಿಷನ್ನಿನ ಲೆಕ್ಕದ್ದು.

2023ರ ಜನವರಿಯಲ್ಲಿ ಸಂಪುಟ ಈ ಮಿಷನ್ನಿಗೆ 19,744 ಕೋಟಿ ರೂಪಾಯಿ ಒಪ್ಪಿತು. ಅದರಲ್ಲಿ 17,490 ಕೋಟಿ ಎಲೆಕ್ಟ್ರೋಲೈಸರ್ (ವಿದ್ಯುತ್ತಿನಿಂದ ನೀರನ್ನು ಒಡೆಯುವ ಯಂತ್ರ) ತಯಾರಿಸುವವರಿಗೆ ಮತ್ತು ಹೈಡ್ರೋಜನ್ ಉತ್ಪಾದಿಸುವವರಿಗೆ ಕೊಡುವ ಪ್ರೋತ್ಸಾಹಧನ. ಸಂಶೋಧನೆಗೆ ಇಟ್ಟಿದ್ದು 400 ಕೋಟಿ. ನೂರಕ್ಕೆ ಎರಡು ರೂಪಾಯಿ ಅಷ್ಟೇ. ಟ್ಯಾಂಕು, ಪೈಪು, ಫ್ಯೂಯೆಲ್ ಸೆಲ್ ಎಲ್ಲದರ ಸಂಶೋಧನೆಯೂ ಆ ಎರಡು ರೂಪಾಯಿಯಲ್ಲೇ ಆಗಬೇಕು. ಎಲೆಯ ಹಾಗೆ ಬಿಸಿಲಲ್ಲಿ ನೀರನ್ನು ಒಡೆದು ಹೈಡ್ರೋಜನ್ನಿಗೆ ದಾರಿ ಮಾಡುವ ಅಣುಗಳನ್ನು ಕಟ್ಟುವವರು ಈ ಸಾಲಿನ ಕೊನೆಯಲ್ಲಿ ನಿಂತಿದ್ದಾರೆ. ಅವರ ಪರವಾಗಿ ಈ ಪತ್ರ.

ಎಲೆಯೊಳಗೆ ನೀರು ಒಡೆಯುವ ಜಾಗ ತೀರಾ ಚಿಕ್ಕದು. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಅವನ್ನು ಬೆಸೆಯುವ ಐದು ಆಮ್ಲಜನಕ. ಜಪಾನಿನ ವಿಜ್ಞಾನಿಗಳು 2011ರಲ್ಲಿ ಅದರ ಸ್ಪಷ್ಟ ಚಿತ್ರ ಕೊಟ್ಟರು. ಬೆಳಕು ಒಂದು ಸಲ ತಾಕಿದರೆ ಅಲ್ಲಿಂದ ಒಂದು ಎಲೆಕ್ಟ್ರಾನ್ ಹೋಗುತ್ತದೆ. ಹೀಗೆ ನಾಲ್ಕು ಸಲ ಆದ ಮೇಲೆ ಎರಡು ನೀರಿನ ಅಣುಗಳು ಒಡೆದು ಒಂದು ಆಮ್ಲಜನಕದ ಅಣು ಹೊರಬರುತ್ತದೆ. ಈ ನಾಲ್ಕು ಹೆಜ್ಜೆಗಳ ಲೆಕ್ಕವನ್ನು ವಿಜ್ಞಾನಿ ಬೆಸೆಲ್ ಕಾಕ್ 1970ರಲ್ಲೇ ಹೇಳಿದ್ದರು. ಬೆಳಕು ಬರುವುದು ಬಿಡಿಬಿಡಿಯಾಗಿ, ಕೆಲಸ ಆಗಬೇಕಾದದ್ದು ನಾಲ್ಕೂ ಸೇರಿ. ನಡುವೆ ಎಲ್ಲೂ ಸೋರದಂತೆ ಕೂಡಿಟ್ಟುಕೊಳ್ಳಬೇಕು. ಕಷ್ಟ ಇರುವುದೇ ಅಲ್ಲಿ.

ಇದನ್ನು ಪ್ರಯೋಗಾಲಯದಲ್ಲಿ ಮಾಡಲು ಆಗಲೇ ಇಲ್ಲ ಅಂತಲ್ಲ. 1982ರಲ್ಲಿ ಅಮೆರಿಕದ ಥಾಮಸ್ ಮೇಯರ್ ತಂಡ ರುಥೇನಿಯಂ ಎಂಬ ವಿರಳ ಲೋಹ ಬಳಸಿ ನೀರು ಒಡೆಯುವ ಅಣುವನ್ನು ತೋರಿಸಿತು. ಮೂವತ್ತು ವರ್ಷದ ನಂತರ, 2012ರಲ್ಲಿ, ಸ್ವೀಡನ್ನಿನಲ್ಲಿದ್ದ ಲಿಚೆಂಗ್ ಸುನ್ ತಂಡದ ಅಣು ಸೆಕೆಂಡಿಗೆ 300ಕ್ಕೂ ಹೆಚ್ಚು ಸಲ ಈ ಕೆಲಸ ಮಾಡಿತು. ಅದು ಎಲೆಗೆ ಸರಿಸಮನಾದ ವೇಗ. (ಅದನ್ನು ಓಡಿಸಿದ್ದು ಬಿಸಿಲಲ್ಲ, ಸೀರಿಯಂನ ಒಂದು ಬಲವಾದ ರಾಸಾಯನಿಕ. ಸುದ್ದಿ ಬರೆಯುವವರು ಇದನ್ನು ಬಿಟ್ಟೇ ಬಿಡುತ್ತಾರೆ.)

ವೇಗ ಬಂತು, ಬಾಳಿಕೆ ಬರಲಿಲ್ಲ. ನೀರನ್ನು ಒಡೆಯುವಷ್ಟು ಬಲ ಇರುವ ಜಾಗ ತನ್ನ ಸುತ್ತಲಿನ ಇಂಗಾಲದ ಚೌಕಟ್ಟನ್ನೂ ಸುಡುತ್ತದೆ. ಎಲೆಯಲ್ಲೂ ಇದೇ ಕಥೆ. ನೀರು ಒಡೆಯುವ ಜಾಗವನ್ನು ಹಿಡಿದಿರುವ ಡಿ1 ಎಂಬ ಪ್ರೋಟೀನ್ ಜೋರು ಬಿಸಿಲಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಕೆಡುತ್ತದೆ. ಆದರೆ ಎಲೆಯೊಳಗೇ ಒಂದು ಗ್ಯಾರೇಜು ಇದೆ. ಕೆಟ್ಟ ಭಾಗ ಬಿಚ್ಚಿ, ಹೊಸದು ಜೋಡಿಸಿ, ಮತ್ತೆ ಓಡಿಸುತ್ತದೆ. ನಾವು ಮಾಡಿದ ಅಣುವಿಗೆ ಅಂಥ ರಿಪೇರಿ ಇಲ್ಲ, ಕೆಟ್ಟರೆ ಕೆಟ್ಟಂತೆಯೇ. ಹಾಗಾಗಿ ಈಗಿನ ನಿಜವಾದ ಸಂಶೋಧನೆ ಇನ್ನೂ ವೇಗದ ಅಣು ಹುಡುಕುವುದಲ್ಲ. ಸಾಯದ, ಇಲ್ಲವೇ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಅಣು ಕಟ್ಟುವುದು.

ಅದೂ ಅಗ್ಗದ ಲೋಹದಲ್ಲಿ. ರುಥೇನಿಯಂ ಬಹುಪಾಲು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಿಂದ ಬರುತ್ತದೆ. ಎಲೆ ಬಳಸುವ ಮ್ಯಾಂಗನೀಸ್ ನಮ್ಮ ಸಂಡೂರಿನಲ್ಲೇ ಸಿಗುತ್ತದೆ. ಅದಿರು ಇದ್ದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ, ಗೊತ್ತು. ಪ್ರೋಟೀನಿನ ಆಸರೆ ಇಲ್ಲದೆ ಆ ನಾಲ್ಕು ಮ್ಯಾಂಗನೀಸನ್ನು ನೀರಿನಲ್ಲಿ ಚದುರದಂತೆ ಹಿಡಿಯುವುದೇ ದೊಡ್ಡ ತಲೆನೋವು.

ನಿಮ್ಮ ಅಧಿಕಾರಿಗಳು ಕೇಳಬಹುದು: ಸೋಲಾರ್ ಪ್ಯಾನೆಲ್ಲಿಗೆ ಎಲೆಕ್ಟ್ರೋಲೈಸರ್ ಜೋಡಿಸಿದರೆ ಹೈಡ್ರೋಜನ್ ಈಗಲೇ ಬರುತ್ತದಲ್ವಾ? ಬರುತ್ತದೆ. ಇವತ್ತಿಗೆ ಅದೇ ಮುಂದಿದೆ, ಒಪ್ಪಿದೆ. ಆದರೆ ಪಿಇಎಂ ಎಂಬ ಬಗೆಯ (ಪ್ರೋಟಾನ್ ದಾಟಿಸುವ ಪೊರೆ ಇರುವ) ಎಲೆಕ್ಟ್ರೋಲೈಸರಿಗೆ ಇರಿಡಿಯಂ ಲೋಹ ಬೇಕು. ಅದು ಚಿನ್ನಕ್ಕಿಂತ ವಿರಳ. ಇರಿಡಿಯಂ ಬದಲು ಏನು ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವವರಲ್ಲಿ ಈ ಅಣುಗಳ ಜನರೂ ಇದ್ದಾರೆ. ಬಿಸಿಲು ಹಿಡಿಯುವ ಕೆಲಸದಲ್ಲಿ ಸೋತ ಅಣು ಎಲೆಕ್ಟ್ರೋಲೈಸರಿನ ಎಲೆಕ್ಟ್ರೋಡಿಗೆ ಅಂಟಿಸಿದಾಗ ಗೆಲ್ಲಬಹುದು.

ಈ ಕೆಲಸಕ್ಕೆ ಬೇಕಾದ ಜನ ದೂರದಲ್ಲೇನೂ ಇಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸಿ. ಎನ್. ಆರ್. ರಾವ್ ಕಟ್ಟಿದ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೃತಕ ದ್ಯುತಿಸಂಶ್ಲೇಷಣೆಯ (ಎಲೆಯ ಈ ಕೆಲಸವನ್ನು ನಾವೇ ಮಾಡಿಸುವ) ಕೆಲಸ ವರ್ಷಗಳಿಂದ ನಡೆದಿದೆ. ಕೊರತೆ ಇರುವುದು ಸಮಯದ್ದು. 2024ರಲ್ಲಿ ಬಂದ ಮಿಷನ್ನಿನ ಸಂಶೋಧನಾ ಯೋಜನೆಯಲ್ಲಿ 15 ವರ್ಷದವರೆಗಿನ 'ಬ್ಲೂ ಸ್ಕೈ' (ಫಲ ಬೇಗ ಕಾಣದ, ದೂರದ ಗುರಿಯ) ಯೋಜನೆಗಳಿಗೆ ಜಾಗ ಇದೆ. ಅದೇ ಯೋಜನೆಯ ಹಣಕ್ಕೆ ಇಟ್ಟ ಗಡುವು 2025-26. ಹದಿನೈದು ವರ್ಷದ ಕೆಲಸಕ್ಕೆ ಎರಡು ವರ್ಷದ ಚೀಲ. ಪಿಎಚ್‌ಡಿ ವಿದ್ಯಾರ್ಥಿಗೆ ಒಂದು ಹೊಸ ಅಣು ಕಟ್ಟಿ, ಶುದ್ಧ ಮಾಡಿ, ಅದು ಅಂದುಕೊಂಡದ್ದೇ ಹೌದಾ ಅಂತ ನೋಡುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ.

ಮೊದಲನೆಯದಾಗಿ, ಈ ಅಣುಗಳ ಸಂಶೋಧನೆಗೆ ಹತ್ತು ವರ್ಷ ಮುಟ್ಟದೆ ಇಡುವ ಒಂದು ಪ್ರತ್ಯೇಕ ಪಾಲು ಕೊಡಿ. ಮೊತ್ತ ಸಣ್ಣದಿದ್ದರೂ ಪರವಾಗಿಲ್ಲ, ಮಾರ್ಚ್ ತಿಂಗಳಲ್ಲಿ ವಾಪಸ್ ಹೋಗಬಾರದು.

ಇನ್ನೊಂದು, ಬಯಲಿನಲ್ಲಿ ಪರೀಕ್ಷಿಸುವ ಜಾಗ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅದರ ಒಂದು ಮೂಲೆ ಸಾಕು. ಪ್ರಯೋಗಾಲಯದ ದೀಪ, ಸೋಸಿದ ನೀರು ಬಿಟ್ಟು ಅಲ್ಲಿನ ಬಿಸಿಲು, ಧೂಳು, ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರಿನಲ್ಲಿ ಈ ಅಣುಗಳು ಎಷ್ಟು ಗಂಟೆ ತಾಳುತ್ತವೆ ಅಂತ ನೋಡೋಣ. ಅಂಕಿ ಕಡಿಮೆ ಬಂದರೂ ಪ್ರಕಟಿಸಬೇಕು ಎಂಬ ಷರತ್ತು ಹಾಕಿ. ಜಪಾನಿನಲ್ಲಿ ಕಜುನಾರಿ ಡೊಮೆನ್ ಎಂಬ ವಿಜ್ಞಾನಿಯ ತಂಡ ಅಣುಗಳ ಬದಲು ಪುಡಿ ರೂಪದ ವೇಗವರ್ಧಕ ಹಾಕಿದ 100 ಚದರ ಮೀಟರ್ ಫಲಕವನ್ನು ತಿಂಗಳುಗಟ್ಟಲೆ ಬಿಸಿಲಲ್ಲಿಟ್ಟು ನೋಡಿತು. ಬಿಸಿಲಿನ ಶಕ್ತಿಯನ್ನು ಹೈಡ್ರೋಜನ್ ಆಗಿಸುವ ದಕ್ಷತೆ ಹೆಚ್ಚೆಂದರೆ ನೂರಕ್ಕೆ 0.76. ಅವರು 2021ರಲ್ಲಿ ಅದನ್ನೇ ಅಚ್ಚು ಹಾಕಿಸಿದರು. ನಮ್ಮಲ್ಲಿ ಕೆಟ್ಟ ಅಣು ಯಾಕೆ ಕೆಟ್ಟಿತು ಅನ್ನುವುದು ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲೇ ಉಳಿದುಹೋಗುತ್ತದೆ. ಪಕ್ಕದ ಊರಿನ ಪ್ರಯೋಗಾಲಯ ಅದೇ ಅಣುವನ್ನು ಮತ್ತೆ ಮಾಡಿ, ಮತ್ತೆ ಕೆಡಿಸುತ್ತದೆ.

ಮಿಷನ್ನಿನ ಮುಂದಿನ ಹಂತದ ಮಾರ್ಗಸೂಚಿ ಬರೆಯುವ ಮೊದಲು ಈ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳನ್ನು ಒಂದು ದಿನ ಕರೆದು ಕೂರಿಸಿಕೊಳ್ಳಿ. ನಿರ್ದೇಶಕರನ್ನಲ್ಲ, ವಿದ್ಯಾರ್ಥಿಗಳನ್ನೇ.

ವಂದನೆಗಳೊಂದಿಗೆ,
ರಸಾಯನಶಾಸ್ತ್ರದ ಒಬ್ಬ ಮೇಷ್ಟ್ರು