ಮಗಳಿಗೊಂದು ಪತ್ರ: ಮರ ಮುಟ್ಟುವ ಮೊದಲು ಉಳಿ ಮಸೆ

ದಾವಣಗೆರೆ

ಪ್ರೀತಿಯ ಪುಟ್ಟಿ,

ಮಂಗಳೂರಿನ ಕೆಲಸದ ಒತ್ತಡಕ್ಕೆ ನಿದ್ದೆ ಹತ್ತುತ್ತಿಲ್ಲ, ಮನೇಲಿ ಕೂತು ಒಂದು ಸ್ಟೂಲ್ ಮಾಡಲಾ ಅಂತ ಕೇಳಿದ್ದೀಯ. ಖಂಡಿತ ಮಾಡು. ಆದರೆ ಮೊದಲ ವಾರ ಮರದ ತಂಟೆಗೆ ಹೋಗಬೇಡ, ಉಳಿ ಮಸೆಯೋದನ್ನ ಕಲಿ.

ಅಂಗಡಿಯಿಂದ ತಂದ ಹೊಸ ಉಳಿಯೂ ಸಾಮಾನ್ಯವಾಗಿ ಹರಿತ ಇರಲ್ಲ. ಮೊದಲು ಅದರ ಬೆನ್ನನ್ನು, ಅಂದರೆ ಚಪ್ಪಟೆ ಬದಿಯನ್ನು, ಸಾಣೆಕಲ್ಲಿನ ಮೇಲೆ ಮಲಗಿಸಿ ಉಜ್ಜು. ತುದಿಯ ಒಂದಿಂಚು ಸಮನಾಗಿ ಹೊಳೆದರೆ ಸಾಕು. ಆಮೇಲೆ ಇಳಿಜಾರು ಬದಿಯನ್ನು 25ರಿಂದ 30 ಡಿಗ್ರಿಗೆ ಹಿಡಿದು ಮಸೆ. ಬೆನ್ನಿನ ಕಡೆಯಿಂದ ಹೊರಕ್ಕೆ ಬೆರಳು ಸವರಿದರೆ ಅಂಚಿನುದ್ದಕ್ಕೂ ಸಣ್ಣ ತರಿ ತಾಗಬೇಕು. ಎಲ್ಲಿ ತಾಗಲ್ಲವೋ ಅಲ್ಲಿ ಇನ್ನೂ ಅಂಚಿನ ತನಕ ಮಸೆದಿಲ್ಲ. ಕೊನೆಗೆ ಬೆನ್ನನ್ನು ಮತ್ತೆ ಕಲ್ಲಿಗೆ ಮಲಗಿಸಿ ಆ ತರಿ ತೆಗೆ. ಮರದ ತುಂಡಿನ ಅಡ್ಡ ಕೊಯ್ದ ತುದಿಯ ಮೇಲೆ ಪರೀಕ್ಷಿಸು: ಪುಡಿ ಉದುರಿದರೆ ಮೊಂಡು, ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಎದ್ದರೆ ಹರಿತ. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತೆ, ಬಲ ಹಾಕಿದಾಗಲೇ ಅದು ಜಾರಿ ಕೈ ಕೊಯ್ಯೋದು. ಎರಡೂ ಕೈ ಯಾವಾಗಲೂ ಉಳಿಯ ಬಾಯಿಯ ಹಿಂದಿರಲಿ. ಮನಸ್ಸು ನಿಲ್ಲೋದು ಇಲ್ಲೇ. ಕೋನ ಕದಲದಂತೆ ಹಿಡಿದಿರುವಾಗ ಆಫೀಸಿನ ಮಾತಿಗೆ ತಲೇಲಿ ಜಾಗ ಇರಲ್ಲ.

ಸ್ಟೂಲಿನ ಕಾಲಿಗೆ 40 ಮಿ.ಮೀ. ಚೌಕದ ಒಣಗಿದ ಸಾಗವಾನಿ ಸಾಕು, ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿಗೆ 18 ಮಿ.ಮೀ. ದಪ್ಪ. ಪಟ್ಟಿಯ ತುದಿಯಲ್ಲಿ ಕಾಲಿನ ಕಿಂಡಿಯೊಳಗೆ ಕೂರುವ ನಾಲಗೆ ಆ ದಪ್ಪದ ಮೂರನೇ ಒಂದು ಭಾಗ, 6 ಮಿ.ಮೀ. ಇರಲಿ. ಮೊದಲು ಕಿಂಡಿ ಹೊಡೆ, ನಾಲಗೆ ಆಮೇಲೆ. ಕಿಂಡಿಯ ಅಗಲ ನಿನ್ನ ಉಳಿಯಷ್ಟೇ ಬರುತ್ತೆ, ನಾಲಗೆಯನ್ನಾದರೆ ಕೆತ್ತಿ ಹೊಂದಿಸಬಹುದು. ಪಟ್ಟಿಯನ್ನು ಕಾಲಿನ ನಟ್ಟನಡುವೆ ಇಟ್ಟರೆ ಒಂದೇ ಕಾಲಿನ ಅಕ್ಕಪಕ್ಕದ ಮುಖಗಳ ಎರಡು ಕಿಂಡಿ 17 ಮಿ.ಮೀ. ಆಳಕ್ಕೇ ಒಳಗೆ ಕೂಡಿ ಕಾಲು ಸೊರಗುತ್ತೆ. ಕಾಲಿನ ಹೊರಮುಖದಿಂದ 4 ಮಿ.ಮೀ. ಮಾತ್ರ ಒಳಗಿಟ್ಟರೆ 22 ಮಿ.ಮೀ. ಆಳ ಸಿಗುತ್ತೆ. ಕಾಲುಗಳನ್ನು ಮೇಲ್ತುದಿಯಲ್ಲಿ 20 ಮಿ.ಮೀ. ಹೆಚ್ಚು ಉದ್ದ ಬಿಡು, ಇಲ್ಲದಿದ್ದರೆ ಕಿಂಡಿ ಹೊಡೆಯುವಾಗ ತುದಿ ಸೀಳುತ್ತೆ. ಹೆಚ್ಚಿನದನ್ನು ಕೊನೆಗೆ ಕೊಯ್ದು ತೆಗೆ.

ನಾಲಗೆ ಕೊಯ್ಯುವಾಗ ಗರಗಸ ಗೆರೆಯ ಹೊರಗೆ, ಹೋಗುವ ಮರದ ಕಡೆ ಓಡಲಿ. ಕೈಯಲ್ಲಿ ಒತ್ತಿದರೆ ನಾಲಗೆ ಕಿಂಡಿಯೊಳಗೆ ಅರ್ಧ ಹೋಗಬೇಕು, ಕೊಡತಿಯ ಮೆಲ್ಲನೆ ಏಟಿಗೆ ಉಳಿದದ್ದು. ಜೋರಾಗಿ ಬಡಿಯಬೇಕಾಗಿ ಬಂದರೆ ನಿಲ್ಲಿಸು, ಕಾಲು ಸೀಳೀತು. ಸಡಿಲವಾದರೆ ಅದೇ ಮರದ ತೆಳು ಸಿಪ್ಪೆಯನ್ನು ನಾಲಗೆಗೆ ಅಂಟಿಸಿ ಮತ್ತೆ ಕೆತ್ತು. ನಾನು ಚೆನ್ನಾಗಿದೆ ಅಂದರೂ ಸಡಿಲ ಜೋಡಣೆ ಅಲ್ಲಾಡುತ್ತೆ, ಯಾರು ಹೀಗಳೆದರೂ ಬಿಗಿ ಜೋಡಣೆ ನಿಲ್ಲುತ್ತೆ. ನಿನಗೆ ಬೇಕಾದ ಧೈರ್ಯ ಅಲ್ಲಿಂದ ಬರಲಿ ಅಂತ ನನ್ನಾಸೆ.

ಅಂಟು ಹಾಕುವ ಮೊದಲು ಒಮ್ಮೆ ಹಾಗೇ ಕೂಡಿಸಿ, ಎದುರು ಮೂಲೆಗಳ ಅಳತೆ ಎರಡೂ ಒಂದೇ ಇದೆಯಾ ನೋಡು. ಸಾಗವಾನಿಯಲ್ಲಿ ಎಣ್ಣೆಯಂಶ ಇರೋದರಿಂದ ನಾಲಗೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚು.

ಮೇಲಿನ ಹಲಗೆಗೆ ಮಾತ್ರ ಅಂಟು ಬೇಡ. ಮಂಗಳೂರಿನ ಮಳೆಗಾಲದಲ್ಲಿ ಕೂಡಿಸಿದ 300 ಮಿ.ಮೀ. ಅಗಲದ ಹಲಗೆ ಏಪ್ರಿಲ್‌ನಲ್ಲಿ ನಮ್ಮೂರಿನ ಒಣ ಗಾಳಿಗೆ ಬಂದರೆ ಅಗಲದಲ್ಲಿ ಎರಡು ಮಿ.ಮೀ.ಗೂ ಹೆಚ್ಚು ಕುಗ್ಗಬಹುದು. ಉದ್ದದಲ್ಲಿ ಏನೂ ಆಗಲ್ಲ ಅಂತಲೇ ಹೇಳಬಹುದು. ಬಿಗಿಯಾಗಿ ಹಿಡಿದಿಟ್ಟರೆ ಬಿರುಕು ಬಿಡುತ್ತೆ. ಕೆಳಗಿನಿಂದ ಸ್ಕ್ರೂ ಹಾಕು, ಪಟ್ಟಿಯ ತೂತನ್ನು ಹಲಗೆ ಕುಗ್ಗುವ ದಿಕ್ಕಿಗೆ ಉದ್ದುದ್ದ ಮಾಡು.

ಅಗಸೆ ಎಣ್ಣೆ ಹಚ್ಚಿದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡ, ಒಳಗೇ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಪೂರ್ತಿ ಒಣಗಿಸು.

ನಿನ್ನ ಅಪ್ಪ