ಬೆಳ್ಳುಳ್ಳಿ ಊರುವುದು ದಸರಾ ಕಳೆದ ಮೇಲೆ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಿತ್ತಲಲ್ಲಿ ಬೆಳ್ಳುಳ್ಳಿ ಹಾಕಬೇಕು, ಈ ಭಾನುವಾರವೇ ಊರಿಬಿಡಲಾ ಅಂತ ಕೇಳಿದ್ದೀಯ. ಓದಿ ಖುಷಿಯಾಯಿತು. 2024ರಲ್ಲಿ ಕಿಲೋಗೆ 400 ರೂಪಾಯಿ ದಾಟಿದಾಗ ಒಗ್ಗರಣೆಗೆ ಎಸಳು ಎಣಿಸಿ ಹಾಕುವ ಹಾಗಾಗಿತ್ತು, ನೆನಪಿದೆ ಅಲ್ವಾ? ಆದರೆ ಈಗ ಊರಬೇಡ ಮಗಳೇ. ಶಿವರಾತ್ರಿ ಬಂದೇಬಿಟ್ಟಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅನ್ನುತ್ತಾರೆ. ಹೋಗುತ್ತಿರುವ ಆ ಚಳಿಯೇ ಬೆಳ್ಳುಳ್ಳಿಗೆ ಬೇಕಾದದ್ದು.

ಊರಿದ ಎಸಳು ಮೊದಲು ಬೇರು, ಎಲೆ ಬೆಳೆಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ತಂಪು ಸಿಗಬೇಕು. ಸಂಕ್ರಾಂತಿಯ ಮೇಲೆ ಹಗಲು ಉದ್ದವಾಗಿ ಬಿಸಿಲು ಏರಿದಾಗ, ತಂಪು ಕಂಡ ಗಿಡ ಗಡ್ಡೆ ಕಟ್ಟುತ್ತದೆ, ಗಡ್ಡೆಯೊಳಗೆ ಎಸಳು ಬಿಡಿಬಿಡಿಯಾಗುತ್ತವೆ. ಈಗ ಊರಿದರೆ ಎಲೆ ಬಲಿಯುವ ಮೊದಲೇ ಬೇಸಿಗೆ. ಕಿತ್ತು ನೋಡಿದರೆ ಸಣ್ಣ ಗಡ್ಡೆ, ಇಲ್ಲವೇ ಸಾಂಬಾರ್ ಈರುಳ್ಳಿಯ ಹಾಗೆ ಒಂದೇ ಗುಂಡು. ನಮ್ಮ ಹಾವೇರಿ, ಗದಗ ಕಡೆ ಮುಂಗಾರಿನಲ್ಲೂ ಬೆಳ್ಳುಳ್ಳಿ ಹಾಕುವವರು ಇದ್ದಾರೆ. ಅದು ಅನುಭವ ಇರುವ ರೈತರ ಮಾತು, ಮಳೆಯಲ್ಲಿ ಎಲೆಗೆ ರೋಗವೂ ಜಾಸ್ತಿ. ಬೆಂಗಳೂರಿನ ನಿನ್ನ ಹಿತ್ತಲಿಗೆ ಅಕ್ಟೋಬರ್ ತಿಂಗಳೇ ಸರಿ.

ಅಲ್ಲಿಯವರೆಗೆ ಪಾತಿಯಲ್ಲಿ ಹರಿವೆ ಹಾಕು, ಮಳೆಗಾಲದಲ್ಲಿ ಹುರುಳಿಕಾಯಿ ಹಾಕು. ಈರುಳ್ಳಿ ಮಾತ್ರ ಬೇಡ. ಈರುಳ್ಳಿಗೂ ಬೆಳ್ಳುಳ್ಳಿಗೂ ಹತ್ತುವ ನುಸಿ, ರೋಗ ಒಂದೇ. ಕೈ ಸುಮ್ನೆ ಇರುವುದಿಲ್ಲ ಅಂದರೆ ಒಂದು ಕುಂಡದಲ್ಲಿ ಒಳಗಿನ ಸಣ್ಣ ಎಸಳುಗಳನ್ನು ಒತ್ತೊತ್ತಾಗಿ ಊರು. ತಿಂಗಳೊಳಗೆ ಹಸಿರು ಎಲೆ ಕತ್ತರಿಸಿ ರೊಟ್ಟಿ ಹಿಟ್ಟಿಗೆ ಕಲಸಬಹುದು.

ಬೀಜದ ವಿಷಯದಲ್ಲಿ ಹುಷಾರು. ಅಂಗಡಿಯಲ್ಲಿ ದಪ್ಪ ಎಸಳಿನ, ನೋಡಲು ಚೆಂದದ ಬೆಳ್ಳುಳ್ಳಿ ಸಿಗುತ್ತದೆ. ಹಿಮಾಚಲದಂಥ ಕಡೆಯಿಂದ ಬಂದದ್ದಾದರೆ ಅದಕ್ಕೆ ಅಲ್ಲಿನ ಉದ್ದ ಹಗಲು ಬೇಕು. ನಮ್ಮಲ್ಲಿ ಹುಲ್ಲಿನ ಹಾಗೆ ಎಲೆ ಬಿಟ್ಟು ನಿಂತುಬಿಡುತ್ತದೆ. ಇಲ್ಲಿ ಬೆಳೆಯುವ ನಾಟಿ ಬೆಳ್ಳುಳ್ಳಿ ತಗೋ. ಇಲ್ಲವೇ ಜಿ-282 ಅಥವಾ ಭೀಮಾ ಪರ್ಪಲ್ ಅನ್ನುವ ತಳಿ ಕೇಳಿ ನೋಡು. ಭೀಮಾ ಪರ್ಪಲ್ ಪುಣೆ ಹತ್ತಿರದ ರಾಜಗುರುನಗರದ ಈರುಳ್ಳಿ, ಬೆಳ್ಳುಳ್ಳಿ ಸಂಶೋಧನಾ ಕೇಂದ್ರದ ತಳಿ, ಸಿಪ್ಪೆ ನೇರಳೆ.

ಮಣ್ಣು ಸಡಿಲ ಇರಬೇಕು, ಪಾತಿ ಸ್ವಲ್ಪ ಎತ್ತರ ಇರಬೇಕು, ನೀರು ನಿಲ್ಲಬಾರದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸು. ತೆಂಗಿನ ಮರದ ನೆರಳು ಬೇಡ, ದಿನವಿಡೀ ಬಿಸಿಲು ಬೀಳುವ ಮೂಲೆ ನೋಡು. ಊರುವ ದಿನವೇ ಗಡ್ಡೆ ಬಿಡಿಸು, ಸಿಪ್ಪೆ ಸುಲಿಯಬೇಡ. ಹೊರಗಿನ ದಪ್ಪ ಎಸಳು ಪಾತಿಗೆ, ಒಳಗಿನ ತೆಳ್ಳನೆಯದು ಅಡುಗೆಗೆ. ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ. ತುದಿಯ ಮೇಲೆ ಒಂದು ಇಂಚು ಮಣ್ಣು ಬಂದರೆ ಸಾಕು. ಎಸಳಿನಿಂದ ಎಸಳಿಗೆ ಅರ್ಧ ಗೇಣು, ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್ ಬಿಡು. ಬೇರು ಮೇಲೆಯೇ ಹರಡುತ್ತದೆ, ಹಾಗಾಗಿ ಕಳೆಯನ್ನು ಕೈಯಲ್ಲೇ ಕೀಳು. ಕುಡುಗೋಲು ಆಳಕ್ಕೆ ಹೋಗಬಾರದು. ಎಲೆಯ ಮೇಲೆ ಬೆಳ್ಳಿಯಂಥ ಗೆರೆ ಕಂಡರೆ ಅದು ಥ್ರಿಪ್ಸ್ ನುಸಿ. ಬೇವಿನೆಣ್ಣೆಗೆ ಸ್ವಲ್ಪ ಸೋಪು ನೀರು ಸೇರಿಸಿ ಸಂಜೆ ಹೊತ್ತು ಸಿಂಪಡಿಸು.

ಎರಡು ತಿಂಗಳು ದಾಟಿದ ಮೇಲೆ ಯೂರಿಯಾ, ಸಗಣಿ ನೀರು ಯಾವುದೂ ಬೇಡ. ಪ್ರೀತಿ ಜಾಸ್ತಿಯಾಗಿ ಉಣಿಸುತ್ತಲೇ ಹೋದರೆ ಗಡ್ಡೆಯ ಎಸಳುಗಳು ಗಿಡದಲ್ಲೇ ಮತ್ತೆ ಚಿಗುರುತ್ತವೆ. ಆಮೇಲೆ ಅದನ್ನು ಇಡಲಿಕ್ಕೆ ಆಗುವುದಿಲ್ಲ. ನಾಲ್ಕು ತಿಂಗಳ ಆಸುಪಾಸಿನಲ್ಲಿ ಕೆಳಗಿನ ಎಲೆ ಒಣಗಿ, ಮೇಲಿನದರ ತುದಿ ಹಳದಿಯಾಗುತ್ತದೆ. ಕೀಳುವ ಎರಡು ವಾರ ಮೊದಲೇ ನೀರು ನಿಲ್ಲಿಸು. ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಲ್ಲಿ ಸರಿಸಿ, ಗಡ್ಡೆಯನ್ನು ಕೀಳದೆ ಸುತ್ತ ಮುಟ್ಟಿ ನೋಡು. ನುಣ್ಣಗೆ ಗುಂಡಗಿದ್ದರೆ ಇನ್ನೂ ಬಿಡು. ಎಸಳಿನ ಉಬ್ಬು, ನಡುವಿನ ತಗ್ಗು ಬೆರಳಿಗೆ ಸಿಕ್ಕಿದರೆ ಬಲಿತಿದೆ. ಆಮೇಲೆ ಕಾಯಿಸಬೇಡ. ಒಂದೊಂದು ಎಲೆಯ ಬುಡವೇ ಗಡ್ಡೆಗೆ ಒಂದೊಂದು ಪದರ ಸಿಪ್ಪೆ. ಎಲೆಯೆಲ್ಲ ಸಾಯುವವರೆಗೆ ಬಿಟ್ಟರೆ ಸಿಪ್ಪೆ ಕೊಳೆತು ಎಸಳು ಮಣ್ಣಿನಲ್ಲೇ ಬಿಚ್ಚಿಕೊಳ್ಳುತ್ತದೆ.

ಕಿತ್ತದ್ದನ್ನು ತೊಳೆಯಬೇಡ. ಎಲೆ ಸಮೇತ ನೆರಳಲ್ಲಿ, ಗಾಳಿಯಾಡುವ ಕಡೆ ಒಂದು ವಾರ ಹತ್ತು ದಿನ ಹರಡು. ಆಮೇಲೆ ಜಡೆ ಹೆಣೆದು ಅಡುಗೆಮನೆಯಲ್ಲಿ ತೂಗುಹಾಕು. ದೊಡ್ಡ ಗಡ್ಡೆಗಳನ್ನು ತಿನ್ನದೆ ಮುಂದಿನ ವರ್ಷದ ಬೀಜಕ್ಕೆ ತೆಗೆದಿಡು.

ದಸರೆಗೆ ಮಕ್ಕಳನ್ನು ಕರೆದುಕೊಂಡು ಬಾ. ಬೀಜದ ಗಡ್ಡೆ ಇಲ್ಲಿಂದಲೇ ಕೊಟ್ಟು ಕಳಿಸುತ್ತೇನೆ.

ಇಂತಿ ನಿನ್ನ ದೊಡ್ಡಮ್ಮ